ಮಳೆಗೆ ಹೋಗುವ ಟಿವಿ, ಸಂಜೆಗೆ ಏರುವ ಪಿಂಗ್: ಕೊಡಗಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಜೂನ್ ಬಂತೆಂದರೆ ನಮ್ಮ ಡಿಟಿಎಚ್‌ಗೆ ರಜೆ. ಜೋರು ಮಳೆ ಬಿಡಿ, ತುಂತುರು ಮಳೆಗೂ ‘ನೋ ಸಿಗ್ನಲ್’ ಅನ್ನುತ್ತೆ. ಪಕ್ಕದ ಮನೆಯವರದ್ದು ಬೇರೆ ಕಂಪನಿ, ಅವರಿಗೆ ಇಷ್ಟು ತೊಂದರೆ ಇಲ್ಲ. ಎಲ್‌ಎನ್‌ಬಿಗೆ (ಡಿಶ್‌ನ ಮುಂದಿನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಭಾಗ) ಪ್ಲಾಸ್ಟಿಕ್ ಕವರ್ ಕಟ್ಟಿ ನೋಡಿದ್ದಾಯ್ತು. ಕಂಪನಿ ಬದಲಿಸುವುದೇ ಒಳ್ಳೆಯದಾ? (ನಾಪೋಕ್ಲು)

ಮೊದಲು ಆ ಕವರ್ ಬಿಚ್ಚಿ. ಮಳೆನೀರು ಅದರ ಮಡಿಕೆಗಳಲ್ಲಿ ನಿಂತುಕೊಳ್ಳುತ್ತದೆ. ಸಿಗ್ನಲ್ ಒಳಗೆ ಹೋಗುವ ಬಾಗಿಲಿಗೇ ನೀವು ನೀರಿನ ಪರದೆ ಕಟ್ಟಿದ್ದೀರಿ.

ಡಿಟಿಎಚ್ ಸಿಗ್ನಲ್ ಬರುವುದು ಕೆಯು ಬ್ಯಾಂಡ್‌ನಲ್ಲಿ, ಅಂದರೆ 10.7ರಿಂದ 12.75 ಗಿಗಾಹರ್ಟ್ಸ್. ತರಂಗದ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ದಪ್ಪ ಮಳೆಹನಿ ನಾಲ್ಕೈದು ಮಿಲಿಮೀಟರ್ ಇರುವುದರಿಂದ ಈ ತರಂಗವನ್ನು ಒಂದಷ್ಟು ಹೀರಿಕೊಂಡು, ಒಂದಷ್ಟು ಚದುರಿಸಿಬಿಡುತ್ತದೆ. ಕೇಬಲ್ ಆಪರೇಟರ್‌ಗಳ ದೊಡ್ಡ ಡಿಶ್‌ಗಳು ಹಿಡಿಯುವ ಸಿ ಬ್ಯಾಂಡ್‌ನಲ್ಲಿ ತರಂಗ ಏಳೆಂಟು ಸೆಂಟಿಮೀಟರ್ ಉದ್ದ. ಅದಕ್ಕೇ ಅದೇ ಮಳೆಯಲ್ಲಿ ಕೇಬಲ್ ಟಿವಿ ಓಡುತ್ತಿರುತ್ತದೆ, ಕರೆಂಟ್ ಇದ್ದರೆ.

ಪಕ್ಕದ ಮನೆಯ ವಿಷಯಕ್ಕೆ ಬರೋಣ. ಉಪಗ್ರಹ ಆಕಾಶದಲ್ಲಿ ಎಷ್ಟು ಎತ್ತರಕ್ಕೆ ಕಾಣುತ್ತದೆ ಎನ್ನುವುದು ಮುಖ್ಯ. ಕೊಡಗಿನಿಂದ ನೋಡಿದರೆ 83 ಡಿಗ್ರಿ ಪೂರ್ವದ ಉಪಗ್ರಹ (ಟಾಟಾ ಪ್ಲೇ) ದಿಗಂತದಿಂದ ಸುಮಾರು 73 ಡಿಗ್ರಿ ಮೇಲಿದೆ. 93.5 ಡಿಗ್ರಿಯದ್ದು (ಡಿಡಿ ಫ್ರೀ ಡಿಶ್) ಸುಮಾರು 65 ಡಿಗ್ರಿ, 108 ಡಿಗ್ರಿಯದ್ದು (ಏರ್‌ಟೆಲ್) ಸುಮಾರು 50 ಡಿಗ್ರಿ. ಕೆಳಗಿದ್ದಷ್ಟೂ ಸಿಗ್ನಲ್ ಮಳೆಯೊಳಗೆ ಓರೆಯಾಗಿ ಹೆಚ್ಚು ದೂರ ಬರಬೇಕು; 73ಕ್ಕೆ ಹೋಲಿಸಿದರೆ 50 ಡಿಗ್ರಿಯಲ್ಲಿ ಈ ದೂರ ಕಾಲುಭಾಗ ಜಾಸ್ತಿ. ಮರದ ಲೆಕ್ಕವೂ ಇದೇ. ಡಿಶ್‌ಗಿಂತ 10 ಮೀಟರ್ ಎತ್ತರದ ಸಿಲ್ವರ್ ಓಕ್ ಆ ದಿಕ್ಕಿನಲ್ಲಿದ್ದರೆ, 83 ಡಿಗ್ರಿಯ ಉಪಗ್ರಹಕ್ಕೆ ಅದು ಅಡ್ಡ ಬರುವುದು 3 ಮೀಟರ್ ಒಳಗಿದ್ದಾಗ ಮಾತ್ರ. 108ಕ್ಕಾದರೆ 8 ಮೀಟರ್ ದೂರದ ಮರವೂ ಅಡ್ಡ. ಡಿಶ್ ಕೂರಿಸಿದ ವರ್ಷ ಮರ ಎಷ್ಟಿತ್ತು, ಈಗ ಎಷ್ಟಿದೆ ಎಂದು ಒಮ್ಮೆ ತಲೆಯೆತ್ತಿ ನೋಡಿ. ಒದ್ದೆ ಎಲೆ ಒಣ ಎಲೆಗಿಂತ ಎಷ್ಟೋ ಹೆಚ್ಚು ಸಿಗ್ನಲ್ ತಿನ್ನುತ್ತದೆ.

ಆದರೂ ತುಂತುರು ಮಳೆಗೇ ಟಿವಿ ಹೋಗುತ್ತದೆ ಎಂದರೆ ದೋಷ ಮಳೆಯದಲ್ಲ, ನಿಮ್ಮ ಡಿಶ್‌ನದ್ದು. ಬಿಸಿಲಿರುವ ದಿನ ಸೆಟ್‌ಟಾಪ್ ಬಾಕ್ಸ್‌ನ ಮೆನುವಿನಲ್ಲಿ ಸಿಗ್ನಲ್ ಕ್ವಾಲಿಟಿ ನೋಡಿ ಬರೆದಿಡಿ. ಸ್ಟ್ರೆಂತ್ ಅಲ್ಲ, ಕ್ವಾಲಿಟಿ. ಅದು ಬಿಸಿಲಲ್ಲೇ ಕಡಿಮೆ ಇದ್ದರೆ ಮಳೆಗೆ ಬಿಟ್ಟುಕೊಡಲು ಏನೂ ಉಳಿದಿಲ್ಲ ಎಂದರ್ಥ. 60 ಸೆಂಟಿಮೀಟರ್ ಡಿಶ್ ಗಾಳಿಗೆ ಒಂದೇ ಒಂದು ಡಿಗ್ರಿ ತಿರುಗಿದರೂ ಕಾಲುಭಾಗಕ್ಕಿಂತ ಹೆಚ್ಚು ಸಿಗ್ನಲ್ ಹೋಗುತ್ತದೆ. ಕ್ಲ್ಯಾಂಪ್‌ನ ಬೋಲ್ಟ್ ತುಕ್ಕು ಹಿಡಿದಿದ್ದರೆ ಬದಲಿಸಿ, ಮೇ ತಿಂಗಳಲ್ಲೇ ಮರು ಅಲೈನ್‌ಮೆಂಟ್ ಮಾಡಿಸಿ. ಜುಲೈಯಲ್ಲಿ ಜಾರುವ ಹೆಂಚಿನ ಮೇಲೆ ಹತ್ತಲು ಯಾರೂ ಬರುವುದಿಲ್ಲ, ಬರಬಾರದು ಕೂಡ.

ಇನ್ನು ಕನೆಕ್ಟರ್. ಎಲ್‌ಎನ್‌ಬಿಯ ಹತ್ತಿರ ಕೇಬಲ್ ತುದಿಯ ತಿರುಪಿನ ಎಫ್ ಕನೆಕ್ಟರ್ ಬಿಚ್ಚಿ ನೋಡಿ. ನಡುವಿನ ತಾಮ್ರದ ತಂತಿ ಹಸಿರು ಅಥವಾ ಕಪ್ಪಾಗಿದ್ದರೆ ನೀರು ಒಳಗೆ ಹೋಗಿದೆ. ಅಷ್ಟುದ್ದ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ಮೇಲೆ ಎಳೆದು ಸುತ್ತುವ ರಬ್ಬರ್ ಟೇಪ್ ಸುತ್ತಿ. ಕರೆಂಟಿನ ಕಪ್ಪು ಟೇಪ್ ಒಂದು ಮಳೆಗಾಲಕ್ಕೇ ಬಿಟ್ಟುಕೊಳ್ಳುತ್ತದೆ. ಮನೆಯೊಳಗೆ ಬರುವ ಮೊದಲು ಕೇಬಲ್ ಒಮ್ಮೆ ಕೆಳಗೆ ಇಳಿದು ಮೇಲೇರುವಂತೆ ಬಾಗಿಸಿ, ನೀರು ಅಲ್ಲೇ ತೊಟ್ಟಿಕ್ಕಲಿ. ಒಂದು ಗುರುತು: ಎಲ್‌ಎನ್‌ಬಿಗೆ ಬಾಕ್ಸ್ 13 ಅಥವಾ 18 ವೋಲ್ಟ್ ಕಳಿಸಿ ಚಾನೆಲ್‌ಗಳ ಗುಂಪು ಬದಲಿಸುತ್ತದೆ. ಬಿಸಿಲಲ್ಲೂ ಅರ್ಧ ಚಾನೆಲ್ ಮಾತ್ರ ಬಂದರೆ ಸಾಮಾನ್ಯವಾಗಿ ಕೇಬಲ್ ಅಥವಾ ಕನೆಕ್ಟರ್ ಕೆಟ್ಟು ಆ 18 ವೋಲ್ಟ್ ತಲುಪುತ್ತಿಲ್ಲ.

ಇಷ್ಟೆಲ್ಲ ಆದಮೇಲೂ ಸಾಲದಿದ್ದರೆ 90 ಸೆಂಟಿಮೀಟರ್ ಡಿಶ್ ಹಾಕಿಸಿ. ವ್ಯಾಸ ಒಂದೂವರೆ ಪಟ್ಟು, ಹಿಡಿಯುವ ಸಿಗ್ನಲ್ ಎರಡೂಕಾಲು ಪಟ್ಟು. ಗಾಳಿಯ ಹೊಡೆತವೂ ಅಷ್ಟೇ ಹೆಚ್ಚು, ಹಾಗಾಗಿ ಕಂಬ ಗೋಡೆಗೆ ಗಟ್ಟಿಯಾಗಿ ಕೂತಿರಬೇಕು. ಭಾಗಮಂಡಲದ ಕಡೆಯ ಜಡಿಮಳೆಗೆ ಇದೂ ಆಗಾಗ ಸೋಲುತ್ತದೆ. ಕಂಪನಿ ಬದಲಿಸುವುದು ಕೊನೆಯ ಮಾತು.

ಪ್ರಶ್ನೆ: ಐ5 ಆರನೇ ತಲೆಮಾರಿನ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್, ವಿಂಡೋಸ್ 10. ಅಪ್ಪ ತೋಟದ ಲೆಕ್ಕವನ್ನು ಟ್ಯಾಲಿಯಲ್ಲಿ ಇಡುತ್ತಾರೆ, ನಾನು ಕನ್ನಡ ಟೈಪಿಂಗ್, ಗೇಮ್ ಎಲ್ಲ ಮಾಡುತ್ತೇನೆ. ಆನ್ ಆಗಲಿಕ್ಕೇ ಐದು ನಿಮಿಷ ಬೇಕು. ಎಸೆದು ಹೊಸದು ಕೊಳ್ಳಬೇಕಾ, ಲಿನಕ್ಸ್ ಹಾಕಬೇಕಾ? (ಸೋಮವಾರಪೇಟೆ)

ಎಸೆಯಬೇಡಿ. ಐದು ನಿಮಿಷ ತಿನ್ನುತ್ತಿರುವುದು ಹಾರ್ಡ್ ಡಿಸ್ಕ್, ಪ್ರೊಸೆಸರ್ ಅಲ್ಲ. 2.5 ಇಂಚಿನ ಸಾಟಾ ಎಸ್‌ಎಸ್‌ಡಿ, 256 ಜಿಬಿಯದ್ದು ಸಾಕು, ಹಳೇ ಡಿಸ್ಕಿನ ಜಾಗದಲ್ಲೇ ಕೂರುತ್ತದೆ. ರ‍್ಯಾಮ್ 8 ಜಿಬಿಗೆ ಏರಿಸಿ. ಕೊಳ್ಳುವ ಮೊದಲು ಹಳೇ ರ‍್ಯಾಮ್ ತೆಗೆದು ಸ್ಟಿಕ್ಕರ್ ಓದಿ: ಆರನೇ ತಲೆಮಾರಿನಲ್ಲಿ ಕೆಲವು ಮಾಡೆಲ್‌ಗೆ ಡಿಡಿಆರ್3ಎಲ್, ಕೆಲವಕ್ಕೆ ಡಿಡಿಆರ್4. ಒಂದರ ಸ್ಲಾಟಿಗೆ ಇನ್ನೊಂದು ಹೋಗುವುದೇ ಇಲ್ಲ, ಒತ್ತಿದರೆ ಸ್ಲಾಟ್ ಮುರಿಯುತ್ತದೆ. ತಳ ಬಿಚ್ಚಿದಾಗ ಮೊದಲು ಬ್ಯಾಟರಿಯ ಕನೆಕ್ಟರ್ ಕಳಚಿ. ಬ್ಯಾಟರಿ ಉಬ್ಬಿ ಟಚ್‌ಪ್ಯಾಡನ್ನು ಮೇಲೆತ್ತಿದ್ದರೆ ಆ ಬ್ಯಾಟರಿಗೆ ಅವತ್ತೇ ವಿದಾಯ.

ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಇಂಟೆಲ್ ಎಂಟನೇ ತಲೆಮಾರು, ಟಿಪಿಎಂ 2.0 (ಭದ್ರತಾ ಚಿಪ್) ಕೇಳುತ್ತದೆ, ನಿಮ್ಮದು ಅದಕ್ಕೆ ಹೊಂದುವುದಿಲ್ಲ. ತಪಾಸಣೆ ತಪ್ಪಿಸಿ ಹಾಕುವ ದಾರಿ ಇದೆ, ಆದರೆ ತೋಟದ ಲೆಕ್ಕ ಇರುವ ಯಂತ್ರದಲ್ಲಿ ಆ ಆಟ ಬೇಡ. ದೊಡ್ಡ ಅಪ್‌ಡೇಟ್ ಬಂದಾಗ ಎಲ್ಲಿ ಕೈಕೊಡುತ್ತದೋ ಹೇಳಲಾಗದು. ವಿಸ್ತರಿತ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಸಿಗುತ್ತದೆ. ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ನೋಂದಣಿಯ ಕೊಂಡಿ ಕಾಣುತ್ತದೆ, ಮೈಕ್ರೋಸಾಫ್ಟ್ ಖಾತೆಗೆ ಸೆಟ್ಟಿಂಗ್ಸ್ ಸಿಂಕ್ ಮಾಡಿದರೆ ದುಡ್ಡು ಕೊಡಬೇಕಿಲ್ಲ.

ಟ್ಯಾಲಿ ವಿಂಡೋಸ್‌ನ ಸಾಫ್ಟ್‌ವೇರ್. ಅಪ್ಪನ ಕೆಲಸಕ್ಕೆ ವಿಂಡೋಸ್ ಉಳಿಸಿಕೊಳ್ಳಿ, ಪಕ್ಕದಲ್ಲಿ ಲಿನಕ್ಸ್ ಮಿಂಟ್ 22ರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ ಇಂಟರ್ನೆಟ್, ಬ್ಯಾಂಕಿಂಗ್ ಎಲ್ಲ ಅದರಲ್ಲಿ ಮಾಡಿ. ಅದಕ್ಕೆ 2029ರವರೆಗೆ ಬೆಂಬಲ ಇದೆ. 8 ಜಿಬಿ ಪೆನ್‌ಡ್ರೈವ್‌ಗೆ ಮಿಂಟ್‌ನ ಐಎಸ್‌ಒ ಕಡತ ಬರೆದು (ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ) ಮೊದಲು ಲೈವ್ ಆಗಿ, ಅಂದರೆ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ. ವೈಫೈ, ಸೌಂಡ್, ಬ್ರೈಟ್‌ನೆಸ್ ಮೂರೂ ಸರಿಯಿದ್ದರೆ ಮಾತ್ರ ಇನ್‌ಸ್ಟಾಲ್ ಒತ್ತಿ. ಅದಕ್ಕೂ ಮುಂಚೆ ಟ್ಯಾಲಿ ಡೇಟಾ ಎರಡು ಕಡೆ ಬ್ಯಾಕಪ್, ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್, ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ ಅದರ ರಿಕವರಿ ಕೀ ಕಾಗದದ ಮೇಲೆ. ಈ ಕೀ ಇಲ್ಲದೆ ಡಿಸ್ಕ್ ಲಾಕ್ ಆದರೆ ಯಾವ ಅಂಗಡಿಯವರೂ ತೆಗೆದುಕೊಡಲಾರರು.

ಕನ್ನಡಕ್ಕೆ ಲಿನಕ್ಸ್‌ನ ಟೈಪಿಂಗ್ ಸಾಧನ ಐಬಸ್‌ನಲ್ಲಿ ‘ಕನ್ನಡ ಕೆಜಿಪಿ’ ಸೇರಿಸಿಕೊಳ್ಳಿ, ನುಡಿಯಲ್ಲಿ ಕುಟ್ಟಿದ ಕೈಗೆ ಬೇಗ ಒಗ್ಗುತ್ತದೆ. ಹಳೇ ನುಡಿ ಫಾಂಟಿನ ಕಡತಗಳನ್ನು ಯೂನಿಕೋಡ್‌ಗೆ ಬದಲಿಸಿಯೇ ಒಯ್ಯಿರಿ, ಇಲ್ಲದಿದ್ದರೆ ಅಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಗೇಮ್ ವಿಷಯದಲ್ಲಿ ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸ್ಟೀಮ್‌ನ ಪ್ರೋಟಾನ್ ಮೂಲಕ ಬಹಳಷ್ಟು ಓಡುತ್ತವೆ. ವ್ಯಾಲರೆಂಟ್ ಓಡುವುದಿಲ್ಲ, ಅದರ ಆ್ಯಂಟಿ ಚೀಟ್ ಲಿನಕ್ಸ್‌ಗೆ ಬರುವುದಿಲ್ಲ.

ಪ್ರಶ್ನೆ: ನಮ್ಮದು ಹೋಂಸ್ಟೇ. 100 ಎಂಬಿಪಿಎಸ್ ಫೈಬರ್ ಇದೆ, ಸ್ಪೀಡ್ ಟೆಸ್ಟ್ ಚೆನ್ನಾಗೇ ಬರುತ್ತೆ. ಆದರೆ ಶನಿವಾರ ಸಂಜೆ ವ್ಯಾಲರೆಂಟ್‌ನಲ್ಲಿ ಪಿಂಗ್ (ಸರ್ವರ್‌ಗೆ ಹೋಗಿ ಬರುವ ಸಮಯ, ಮಿಲಿಸೆಕೆಂಡ್‌ನಲ್ಲಿ) 40ರಿಂದ 250ಕ್ಕೆ ಹಾರುತ್ತೆ. ಗೇಮಿಂಗ್ ರೌಟರ್ ತಗೊಳ್ಳಲಾ? (ಗೋಣಿಕೊಪ್ಪ)

ಶನಿವಾರ ಸಂಜೆ ಎಂದಲ್ಲೇ ಉತ್ತರ ಇದೆ. ಅತಿಥಿಗಳು ದಿನವಿಡೀ ತೆಗೆದ ಫೋಟೊ, ವಿಡಿಯೊಗಳೆಲ್ಲ ವೈಫೈ ಸಿಕ್ಕ ಕೂಡಲೇ ಕ್ಲೌಡ್‌ಗೆ ಏರತೊಡಗುತ್ತವೆ. ಅಪ್‌ಲೋಡ್ ತುಂಬಿದಾಗ ನಿಮ್ಮ ಗೇಮಿನ ಪುಟ್ಟ ಪ್ಯಾಕೆಟ್ ರೌಟರ್‌ನ ಸಾಲಿನಲ್ಲಿ ಕಾಯಬೇಕು. ವೇಗ ಕಡಿಮೆಯಾಗಿಲ್ಲ, ಕಾಯುವಿಕೆ ಹೆಚ್ಚಾಗಿದೆ. ಸ್ಪೀಡ್ ಟೆಸ್ಟಿನ ದೊಡ್ಡ ಅಂಕಿ ಇದನ್ನು ತೋರಿಸುವುದಿಲ್ಲ.

ದೂರದ ನೆಪ ಇಲ್ಲಿ ನಡೆಯುವುದಿಲ್ಲ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಕೊಡಗಿನಿಂದ ಮುಂಬೈಗೆ ನೇರ ದೂರ ಸುಮಾರು 800 ಕಿಲೋಮೀಟರ್, ಹೋಗಿ ಬರಲು 8 ಮಿಲಿಸೆಕೆಂಡ್ ಸಾಕು. ಕೇಬಲ್ ಸುತ್ತಿ ಬಳಸಿ ಹೋಗುವುದು, ನಡುವಿನ ಸ್ವಿಚ್‌ಗಳು ಎಲ್ಲ ಸೇರಿ ಮುಂಬೈ ಸರ್ವರ್‌ಗೆ ನಿಮ್ಮ 40 ಸಹಜವೇ. ಸಿಂಗಪುರದ ಸರ್ವರ್ ಆಯ್ಕೆಯಾಗಿದ್ದರೆ ಮಾತ್ರ ದೂರದ ಮಾತು.

ಹೊಸ ರೌಟರ್ ಕೊಳ್ಳುವ ಮೊದಲು ಕಂಪ್ಯೂಟರ್‌ನಲ್ಲಿ ಎರಡು ಪಿಂಗ್ ಕಮಾಂಡ್ ಒಟ್ಟಿಗೆ ಓಡಿಸಿ: ಒಂದು ರೌಟರ್‌ಗೆ (ಸಾಮಾನ್ಯವಾಗಿ 192.168.1.1), ಇನ್ನೊಂದು ಹೊರಗಿನ ಗೂಗಲ್ ಸರ್ವರ್ 8.8.8.8ಕ್ಕೆ. ರೌಟರ್‌ನದ್ದೇ ಏರಿಳಿದರೆ ವೈಫೈ ದೋಷ. ಹಳೇ ಮನೆಗಳ ದಪ್ಪ ಕಲ್ಲು, ಮಣ್ಣಿನ ಗೋಡೆಯನ್ನು 5 ಗಿಗಾಹರ್ಟ್ಸ್ ದಾಟಲಾರದು. ಅದಕ್ಕೆ ಮದ್ದು ಕ್ಯಾಟ್6 ಕೇಬಲ್, 100 ಮೀಟರ್‌ವರೆಗೆ ಎಳೆಯಬಹುದು. ರೌಟರ್ ಸ್ಥಿರವಾಗಿದ್ದು 8.8.8.8 ಮಾತ್ರ ಹಾರಿದರೆ ಸಾಲಿನದೇ ಸಮಸ್ಯೆ. ಅತಿಥಿಗಳಿಗೆ ಬೇರೆ ಗೆಸ್ಟ್ ನೆಟ್‌ವರ್ಕ್ ಮಾಡಿ, ಅದರ ಅಪ್‌ಲೋಡ್‌ಗೆ ಮಿತಿ ಹಾಕಿ. ರೌಟರ್‌ನಲ್ಲಿ ಎಸ್‌ಕ್ಯೂಎಂ (ಪ್ಯಾಕೆಟ್‌ಗಳ ಸಾಲು ಉದ್ದವಾಗದಂತೆ ನೋಡಿಕೊಳ್ಳುವ ಸೌಲಭ್ಯ) ಇದ್ದರೆ ಒಟ್ಟು ವೇಗವನ್ನು ನಿಜವಾದ ವೇಗದ ಶೇ 85–90ಕ್ಕೆ ಕಟ್ಟಿ. ಎಸ್‌ಕ್ಯೂಎಂ ಇರುವ ಸಾದಾ ರೌಟರ್ ಸಾಕು. ಎಂಟು ಕೊಂಬಿನ ಕೆಂಪು ದೀಪದ ರೌಟರ್‌ಗೆ ದುಡ್ಡು ಸುರಿಯುವುದು ಶೋಕಿ.

ಪ್ರಶ್ನೆ: ದಿನಕ್ಕೆ 2 ಜಿಬಿ ಮೊಬೈಲ್ ಡೇಟಾ. ಗೇಮ್ 120 ಜಿಬಿ. ಏನು ಮಾಡಲಿ? (ಶನಿವಾರಸಂತೆ)

ಅದೇ ಗೇಮ್ ಇರುವ ಗೆಳೆಯನ ಮನೆಗೆ ಹೋಗಿ. ಸ್ಟೀಮ್‌ನಲ್ಲಿ 2023ರಿಂದ ಒಂದೇ ನೆಟ್‌ವರ್ಕ್‌ನ ಎರಡು ಪಿಸಿಗಳ ನಡುವೆ ಗೇಮ್ ಕಡತ ಸಾಗಿಸುವ ಸೌಲಭ್ಯ ಇದೆ, ಸೆಟ್ಟಿಂಗ್ಸ್‌ನ ಡೌನ್‌ಲೋಡ್ಸ್ ಪುಟದಲ್ಲಿ ಆನ್ ಮಾಡಬೇಕು. ಗೇಮ್ ಇಬ್ಬರ ಖಾತೆಯಲ್ಲೂ ಇರಬೇಕು. ಗಿಗಾಬಿಟ್ ಕೇಬಲ್, ಎರಡೂ ಕಡೆ ಎಸ್‌ಎಸ್‌ಡಿ ಇದ್ದರೆ 120 ಜಿಬಿ ಇಪ್ಪತ್ತು ನಿಮಿಷದ ಆಸುಪಾಸು. ಪಿಸಿ ಹೊತ್ತೊಯ್ಯಲಾಗದಿದ್ದರೆ ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಹೊರ ಡಿಸ್ಕ್‌ಗೆ ಕಾಪಿ ಮಾಡಿ. ಫ್ಯಾಟ್32 ಆದರೆ 4 ಜಿಬಿಗಿಂತ ದೊಡ್ಡ ಕಡತ ಹೋಗುವುದೇ ಇಲ್ಲ.

ಪ್ರಶ್ನೆ: ಏಪ್ರಿಲ್ ಗುಡುಗಿಗೆ ಎರಡನೇ ಮೋಡೆಮ್ ಸುಟ್ಟಿತು. ಸ್ಪೈಕ್ ಗಾರ್ಡ್ ಇದೆ, ಇನ್ವರ್ಟರ್ ಇದೆ. ಗಾಜಿನ ಫೈಬರ್‌ನಲ್ಲಿ ಸಿಡಿಲು ಹೇಗೆ ಬರುತ್ತೆ? (ವಿರಾಜಪೇಟೆ)

ಗಾಜಿನಲ್ಲಿ ಬರುವುದಿಲ್ಲ, ಸುತ್ತಲಿನ ಲೋಹದಲ್ಲಿ ಬರುತ್ತದೆ. ಕಂಬದಿಂದ ಮನೆಗೆ ಬರುವ ಫೈಬರ್ ಕೇಬಲ್‌ನಲ್ಲಿ ಬಲಕ್ಕಾಗಿ ಉಕ್ಕಿನ ತಂತಿ ಇರುವುದುಂಟು. ಅಡಾಪ್ಟರ್ ಕರೆಂಟ್ ಲೈನಿಗೆ ಕೂತಿದೆ. ಮೂರನೇ ದಾರಿಯನ್ನು ಹೆಚ್ಚಿನವರು ಮರೆಯುತ್ತಾರೆ: ಚಾವಣಿಯ ಡಿಶ್‌ನಿಂದ ಸೆಟ್‌ಟಾಪ್ ಬಾಕ್ಸ್, ಅಲ್ಲಿಂದ ಎಚ್‌ಡಿಎಂಐ ಮೂಲಕ ಟಿವಿ, ಟಿವಿಯಿಂದ ಲ್ಯಾನ್ ಕೇಬಲ್‌ನಲ್ಲಿ ಮೋಡೆಮ್.

ಸ್ಪೈಕ್ ಗಾರ್ಡ್ ಹೆಚ್ಚುವರಿ ವೋಲ್ಟೇಜನ್ನು ಅರ್ತ್‌ಗೆ ತಳ್ಳಬೇಕು. ಮೂರನೇ ಪಿನ್‌ಗೆ ಸರಿಯಾದ ಅರ್ತ್ ಇಲ್ಲದಿದ್ದರೆ ಅದು ತಳ್ಳುವುದೆಲ್ಲಿಗೆ? ಅರ್ತ್ ಟೆಸ್ಟರ್ ಇರುವ ಎಲೆಕ್ಟ್ರಿಷಿಯನ್‌ನಿಂದ ಅಳೆಸಿ, 5 ಓಮ್‌ಗಿಂತ ಕಡಿಮೆ ಬರಲಿ; ಬಲ್ಬ್ ಹಚ್ಚಿ ತೋರಿಸಿದರೆ ಸಾಲದು. ಸ್ಪೈಕ್ ಗಾರ್ಡ್ ಒಳಗಿನ ಬಿಡಿಭಾಗ ಪ್ರತಿ ಹೊಡೆತಕ್ಕೂ ಸವೆಯುತ್ತದೆ, ಹಾಗಾಗಿ ಹಳೆಯದನ್ನು ನಂಬಬೇಡಿ. ಹತ್ತಿರದ ಸಿಡಿಲಿಗೆ ಇದ್ಯಾವುದೂ ತಡೆಯಲ್ಲ, ಪ್ಲಗ್ ಕೀಳುವುದೊಂದೇ ದಾರಿ. ಮಿಂಚಿಗೂ ಗುಡುಗಿಗೂ 30 ಸೆಕೆಂಡ್ ಅಂತರ ಎಂದರೆ ಸಿಡಿಲು 10 ಕಿಲೋಮೀಟರ್ ದೂರದಲ್ಲಿದೆ. ಅಷ್ಟರೊಳಗೆ ಪ್ಲಗ್, ಡಿಶ್ ಕೇಬಲ್, ಲ್ಯಾನ್ ಮೂರೂ ಬಿಚ್ಚಿರಬೇಕು. ನೆತ್ತಿಯ ಮೇಲೆ ಬಂದಮೇಲೆ ಕೈ ಹಾಕಬೇಡಿ.

ಮೋಡೆಮ್‌ಗೆಂದೇ 12 ವೋಲ್ಟ್ ಮಿನಿ ಯುಪಿಎಸ್ ತಗೊಳ್ಳಿ. ಅದರ ಪ್ಲಗ್ ಕಿತ್ತಿಟ್ಟರೂ ಇಂಟರ್ನೆಟ್ ನಡೆಯುತ್ತದೆ, ಲೈನಿನ ಸಂಪರ್ಕವೂ ಇರುವುದಿಲ್ಲ. 10,000 ಎಂಎಎಚ್ ಎಂದು ಬರೆದಿದ್ದರೆ ಅದು 3.7 ವೋಲ್ಟ್ ಲೆಕ್ಕ, ಅಂದರೆ 37 ವ್ಯಾಟ್ ಅವರ್. 12 ವೋಲ್ಟ್‌ಗೆ ಏರಿಸುವಾಗಿನ ನಷ್ಟ ಕಳೆದು 30ರಷ್ಟು ಸಿಕ್ಕರೆ, 8 ವ್ಯಾಟ್ ಎಳೆಯುವ ಮೋಡೆಮ್ ನಾಲ್ಕು ಗಂಟೆಗೆ ಸ್ವಲ್ಪ ಕಡಿಮೆ ಓಡುತ್ತದೆ. ಅಡಾಪ್ಟರ್ ಮೇಲಿನ ವೋಲ್ಟ್, ಆಂಪ್, ಪಿನ್‌ನ ಗಾತ್ರ ಮೂರೂ ಹೊಂದಬೇಕು; 12 ವೋಲ್ಟ್ ಮೋಡೆಮ್‌ಗೆ 9 ವೋಲ್ಟ್ ಔಟ್‌ಪುಟ್ ಚುಚ್ಚಿದರೆ ಪದೇ ಪದೇ ರೀಸ್ಟಾರ್ಟ್ ಆಗುತ್ತದೆ.

ಪ್ರಶ್ನೆ: ಎಂಟನೇ ಕ್ಲಾಸಿನ ಮಗಳಿಗೆ ಆಕಾಶ ನೋಡುವ ಹುಚ್ಚು. ಹತ್ತು ಸಾವಿರದೊಳಗೆ ಟೆಲಿಸ್ಕೋಪ್ ಹೇಳಿ. (ಸಿದ್ದಾಪುರ)

ಮೊದಲು 10×50 (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, 50 ಮಿಲಿಮೀಟರ್ ಲೆನ್ಸ್‌ನ) ಬೈನಾಕ್ಯುಲರ್, ಜೊತೆಗೊಂದು ಟ್ರೈಪಾಡ್. ಅಗ್ಗದ ಟೆಲಿಸ್ಕೋಪ್‌ಗಳ ಸ್ಟ್ಯಾಂಡ್ ನಡುಗುತ್ತದೆ, ಮಕ್ಕಳು ವಾರದಲ್ಲಿ ಬೇಸತ್ತು ಬಿಡುತ್ತಾರೆ. ಬೈನಾಕ್ಯುಲರ್‌ನಲ್ಲಿ ಚಂದ್ರನ ಕುಳಿಗಳು, ಗುರುವಿನ ನಾಲ್ಕು ಉಪಗ್ರಹಗಳು, ಓರಿಯನ್ ನೆಬ್ಯುಲಾ ಎಲ್ಲ ಕಾಣುತ್ತವೆ. ಡಿಸೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಡಿಸೆಂಬರ್ 13–14ರ ರಾತ್ರಿ ಜೆಮಿನಿಡ್ಸ್ ಉಲ್ಕೆಗಳಿಗೆ ಬರಿಗಣ್ಣೇ ಸಾಕು. ನಾವು 12 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ದೆಹಲಿಯವರಿಗೆ ದಿಗಂತಕ್ಕೆ ಅಂಟಿಕೊಂಡೇ ಇರುವ ಕ್ಯಾನೊಪಸ್ (ಅಗಸ್ತ್ಯ) ನಕ್ಷತ್ರ ನಮಗೆ 25 ಡಿಗ್ರಿ ಮೇಲೇರುತ್ತದೆ, ದಕ್ಷಿಣ ಬಯಲಾಗಿರುವ ಜಾಗ ಹುಡುಕಿ.

ಇಲ್ಲಿ ಲೆನ್ಸ್‌ನ ಶತ್ರು ಫಂಗಸ್. ಬಂದ ಚರ್ಮದ ಪೌಚ್‌ನಲ್ಲೇ ಇಟ್ಟರೆ ಒಂದೇ ಮಳೆಗಾಲದಲ್ಲಿ ಗಾಜಿನ ಮೇಲೆ ಜೇಡರಬಲೆಯಂಥ ಬಿಳಿ ಎಳೆ ಏಳುತ್ತದೆ, ಒಳಗೆ ಹಿಡಿದರೆ ಒರೆಸಲಾಗದು. ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, 200 ಗ್ರಾಂ ಬಣ್ಣ ಬದಲಿಸುವ ಸಿಲಿಕಾ ಜೆಲ್, ಒಂದು ಚಿಕ್ಕ ತೇವಾಂಶ ಮಾಪಕ. ಅಂಕಿ 40–50ರಲ್ಲಿರಲಿ, 60 ದಾಟಿದರೆ ಜೆಲ್ಲನ್ನು ಓವನ್‌ನಲ್ಲಿ 120 ಡಿಗ್ರಿಗೆ ಒಂದೆರಡು ಗಂಟೆ ಇಟ್ಟು, ಆರಿಸಿ ಮತ್ತೆ ಹಾಕಿ. ಕರ್ಪೂರ, ನುಸಿಗುಳಿಗೆ ಹಾಕಬೇಡಿ, ಅದರ ಆವಿ ಗಾಜಿನ ಲೇಪನದ ಮೇಲೆ ಕೂರುತ್ತದೆ.

ಪ್ರಶ್ನೆ: 43 ಇಂಚಿನ ಟಿವಿ, 4ಕೆ ಬೇಕೇ ಬೇಕಾ? (ಸುಂಟಿಕೊಪ್ಪ)

ಸೋಫಾ ಹತ್ತಡಿ ದೂರದಲ್ಲಿದ್ದರೆ ಬೇಡ. 43 ಇಂಚಿನ ಫುಲ್ ಎಚ್‌ಡಿಯಲ್ಲಿ ಒಂದು ಪಿಕ್ಸೆಲ್ ಅರ್ಧ ಮಿಲಿಮೀಟರ್. ಸಹಜ ದೃಷ್ಟಿಯ ಕಣ್ಣಿಗೆ ಐದೂವರೆ ಅಡಿ ದಾಟಿದ ಮೇಲೆ ಅದು ಬಿಡಿಯಾಗಿ ಕಾಣುವುದಿಲ್ಲ. ಅದೇ ಬೆಲೆಗೆ 4ಕೆ ಸಿಕ್ಕರೆ ತಗೊಳ್ಳಿ, ಹೆಚ್ಚು ಕೊಟ್ಟು ಬೇಡ. ಓಟಿಟಿಯಲ್ಲಿ 4ಕೆ ಹಚ್ಚಿದರೆ ಗಂಟೆಗೆ 7 ಜಿಬಿವರೆಗೆ ಡೇಟಾ ಹೋಗುತ್ತದೆ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ನೋಡುವವರು ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಗುಣಮಟ್ಟವನ್ನು ಮಧ್ಯಮಕ್ಕೆ ಇಳಿಸಿಡಿ.