ಬಳ್ಳಾರಿಯಿಂದ ಒಂದೇ ದಿನಕ್ಕೆ ಕರಡಿ, ಹಂಪಿ, ಚಹಾ ತೋಟ

ಬಳ್ಳಾರಿಯಿಂದ ಹೊರಟು ಬೆಳಿಗ್ಗೆ ದರೋಜಿ ಕರಡಿಧಾಮ, ಆಮೇಲೆ ಹಂಪಿ, ಚಹಾ ತೋಟ, ಎಲ್ಲಾ ಒಂದೇ ದಿನದಲ್ಲಿ ನೋಡೋದು ನಿಮ್ಮ ಪ್ಲಾನ್. ಅದು ಕೂಡದಿರೋದು ಚಹಾ ತೋಟದಿಂದ. ತೋಟ ಇರೋದು ಚಿಕ್ಕಮಗಳೂರು ಕಡೆ. ಹೊಸಪೇಟೆಯಿಂದ ಹೋಗೋದಕ್ಕೇ ಐದಾರು ತಾಸು. ಅದನ್ನು ಬಿಡಿ, ಉಳಿದೆರಡು ಆರಾಮಾಗಿ ಆಗುತ್ತವೆ. ಹಸಿರೇ ಬೇಕಂದ್ರೆ ಮಳೆಗಾಲದಲ್ಲಿ ಸಂಡೂರಿಗೆ ಬೇರೆ ದಿನ ಇಡಿ.

ಇನ್ನೊಂದು ತಪ್ಪು, ದರೋಜಿ ಕರಡಿಧಾಮವನ್ನು ಬೆಳಿಗ್ಗೆಗೆ ಹಾಕಿರೋದು. ಕರಡಿಗಳು ಗುಹೆ ಬಿಟ್ಟು ಇಳಿಯೋದು ಬಿಸಿಲು ತಗ್ಗಿದ ಮೇಲೆ. ಹಾಗಾಗಿ ಹಂಪಿ ಮೊದಲು.

ಆರಕ್ಕೆ ಹೊರಡಿ. ಮೊದಲು ವಿರೂಪಾಕ್ಷ, ಮಧ್ಯಾಹ್ನ ಬಾಗಿಲು ಹಾಕ್ತಾರೆ. ಆಮೇಲೆ ವಿಜಯ ವಿಠ್ಠಲ. ಅಲ್ಲಿನ ಟಿಕೆಟ್ ಎಸೀಬೇಡಿ, ಅದೇ ದಿನ ಕಮಲ ಮಹಲಿಗೂ ನಡೆಯುತ್ತದೆ. ಗೈಡ್ ಹಿಡಿಯುವಾಗ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ನೋಡಿ, ದರ ಮೊದಲೇ ಮಾತಾಡಿ. ಊಟ ಕಮಲಾಪುರದಲ್ಲಿ.

ಮೂರರೊಳಗೆ ದರೋಜಿಯ ವೀಕ್ಷಣಾ ಗೋಪುರದಲ್ಲಿರಿ. ಸಿಬ್ಬಂದಿ ಬಂಡೆಗೆ ಬೆಲ್ಲದ ಪಾಕ ಸವರಿರುತ್ತಾರೆ, ಅದನ್ನು ನೆಕ್ಕೋಕೆ ಕರಡಿ ಬರುತ್ತವೆ. ಬಂಡೆ ದೂರ, ಮೊಬೈಲ್ ಜೂಮ್ ಸಾಲದು, ದುರ್ಬೀನು ಒಯ್ಯಿರಿ. ಮಕ್ಕಳು ಕೂಗಿದರೆ ಮುಗೀತು. ಕಂಡೇ ಕಾಣುತ್ತವೆ ಅನ್ನೋ ಖಾತ್ರಿ ಯಾವ ಗೈಡೂ ಕೊಡಲಾರ, ಕೊಟ್ಟರೆ ನಂಬಬೇಡಿ. ಹಂಪಿಯ ಮಾತಂಗ ಬೆಟ್ಟದ ಸೂರ್ಯಾಸ್ತ ಮಾತ್ರ ಈ ಲೆಕ್ಕದಲ್ಲಿ ತಪ್ಪುತ್ತದೆ.