ಬ್ರಿಡ್ಜ್‌ಗೆ ವೇಗಮಿತಿ ಹಾಕಿದರೂ ವಿಡಿಯೊ ಕರೆ ತಡವರಿಸುವುದೇಕೆ?

ಪ್ರಶ್ನೆ: ಕಚೇರಿಯಲ್ಲಿ 25 ಕಂಪ್ಯೂಟರ್‌ಗಳಿವೆ. ಫೈಬರ್ ಸಂಪರ್ಕ ಡೌನ್‌ಲೋಡ್‌ಗೆ 100, ಅಪ್‌ಲೋಡ್‌ಗೆ 20 ಎಂಬಿಪಿಎಸ್. ಒಬ್ಬರು ದೊಡ್ಡ ಫೈಲ್ ಕಳಿಸಲು ಕೂತರೆ ಉಳಿದವರ ವಿಡಿಯೊ ಕರೆ ತಡವರಿಸುತ್ತದೆ. ರೂಟರ್ ಮತ್ತು ಸ್ವಿಚ್ ನಡುವೆ ಎರಡು ಲ್ಯಾನ್ ಕಾರ್ಡಿನ ಡೆಬಿಯನ್ ಲಿನಕ್ಸ್ ಯಂತ್ರವಿಟ್ಟು ಎರಡೂ ಕಾರ್ಡುಗಳನ್ನು ಬೆಸೆಯುವ ಬ್ರಿಡ್ಜ್ ಮಾಡಿ, ಆ ಬ್ರಿಡ್ಜ್‌ನ ಇಂಟರ್‌ಫೇಸ್ ‘ಬಿಆರ್0’ ಮೇಲೆ ಕೇಕ್ (ವೇಗಮಿತಿ ಹಾಕಿ ಕ್ಯೂ ನಿಭಾಯಿಸುವ ಲಿನಕ್ಸ್ ಸೌಲಭ್ಯ) ಹಾಕಿದೆವು. ಏನೂ ಬದಲಾಗಲಿಲ್ಲ.

ಉತ್ತರ: ‘ಬಿಆರ್0’ ಮೇಲೆ ಹಾಕಿದ್ದೇ ತಪ್ಪು. ಒಂದು ಪೋರ್ಟಿಗೆ (ಲ್ಯಾನ್ ಕಾರ್ಡಿಗೆ) ಬಂದ ಫ್ರೇಮನ್ನು, ಅಂದರೆ ಡೇಟಾ ತುಣುಕನ್ನು, ಲಿನಕ್ಸ್‌ನ ತಿರುಳಾದ ಕರ್ನಲ್ ನೇರವಾಗಿ ಇನ್ನೊಂದು ಪೋರ್ಟಿಗೆ ದಾಟಿಸುತ್ತದೆ. ‘ಬಿಆರ್0’ರ ಕ್ಯೂಗೆ ಬರುವುದು ಆ ಯಂತ್ರವೇ ಕಳಿಸುವ ಪ್ಯಾಕೆಟ್‌ಗಳು ಮಾತ್ರ. ಹಾಗಾಗಿ ಅಲ್ಲಿ ಎಂಥ ಮಿತಿ ಹಾಕಿದರೂ ಕಚೇರಿಯ ಟ್ರಾಫಿಕ್‌ಗೆ ತಾಗುವುದಿಲ್ಲ.

ಮಿತಿ ಎರಡೂ ಪೋರ್ಟುಗಳ ಹೊರಹೋಗುವ ದಿಕ್ಕಿಗೆ ಬೇಕು. ರೂಟರ್ ಕಡೆಯದು ‘ಇಟಿಎಚ್0’, ಸ್ವಿಚ್ ಕಡೆಯದು ‘ಇಟಿಎಚ್1’ ಎಂದುಕೊಳ್ಳೋಣ. ಅಪ್‌ಲೋಡ್‌ಗೆ ‘ಟಿಸಿ ಕ್ಯೂಡಿಸ್ಕ್ ರಿಪ್ಲೇಸ್ ಡೆವ್ ಇಟಿಎಚ್0 ರೂಟ್ ಕೇಕ್ ಬ್ಯಾಂಡ್‌ವಿಡ್ತ್ 18ಎಂಬಿಟ್ ಡ್ಯುಯಲ್-ಎಸ್‌ಆರ್‌ಸಿಹೋಸ್ಟ್’. ಡೌನ್‌ಲೋಡ್‌ಗೆ ಇದೇ ಆದೇಶ ‘ಇಟಿಎಚ್1’ ಮೇಲೆ: 85ಎಂಬಿಟ್, ‘ಡ್ಯುಯಲ್-ಡಿಎಸ್‌ಟಿಹೋಸ್ಟ್’, ಕೊನೆಗೆ ‘ಇನ್‌ಗ್ರೆಸ್’. ಎರಡು ‘ಡ್ಯುಯಲ್’ ಆಯ್ಕೆಗಳು ವೇಗವನ್ನು ಕಂಪ್ಯೂಟರ್‌ಗಳ ನಡುವೆ ಸಮನಾಗಿ ಹಂಚಲು. (ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪಿಸಬೇಕು.) ಸಾಮಾನ್ಯ ರೂಟರ್‌ನಲ್ಲಿ ಡೌನ್‌ಲೋಡ್ ಹಿಡಿಯಲು ಐಎಫ್‌ಬಿ ಎಂಬ ಹುಸಿ ಇಂಟರ್‌ಫೇಸ್ ಕಟ್ಟುವ ತಾಪತ್ರಯವಿರುತ್ತದೆ. ಬ್ರಿಡ್ಜ್‌ನಲ್ಲಿ ಅದರ ಗೊಡವೆಯೇ ಇಲ್ಲ.

100 ಕೊಟ್ಟಿರುವಾಗ 85 ಏಕೆ? ಕ್ಯೂ ನಿಮ್ಮ ಯಂತ್ರದಲ್ಲಿ ಬೆಳೆಯಬೇಕು, ಮೋಡೆಮ್‌ನಲ್ಲೋ ಸೇವಾದಾರರ ಉಪಕರಣದಲ್ಲೋ ಅಲ್ಲ. ಮಿತಿ ನಿಜವಾದ ವೇಗಕ್ಕಿಂತ ಕೆಳಗಿದ್ದರಷ್ಟೇ ಕೇಕ್‌ಗೆ ಕೆಲಸ. ಒಳಬರುವ ಹರಿವನ್ನು ನಾವು ಪರೋಕ್ಷವಾಗಿ ಮಾತ್ರ ನಿಯಂತ್ರಿಸುವುದರಿಂದ ಡೌನ್‌ಲೋಡ್‌ಗೆ ಅಪ್‌ಲೋಡ್‌ಗಿಂತ ಹೆಚ್ಚು ಅಂತರ ಬಿಡಬೇಕು. ಅಪ್‌ಲೋಡ್ ನಡೆಯುವಾಗ ಪಿಂಗ್ (ಪ್ಯಾಕೆಟ್ ಹೋಗಿಬರಲು ತಗಲುವ ಸಮಯ) ನೋಡುತ್ತಾ ನಿಧಾನಕ್ಕೆ ಮಿತಿ ಏರಿಸಿ. ಪಿಂಗ್ ಹಾರತೊಡಗಿದಲ್ಲಿಗೆ ನಿಲ್ಲಿಸಿ ಒಂದು ಮೆಟ್ಟಿಲು ಕೆಳಗಿಳಿಯಿರಿ.

ಯಂತ್ರವನ್ನು ರೂಟರ್‌ನ ಒಳಬದಿಗೆ ಇಟ್ಟದ್ದು ಸರಿಯಾಗಿದೆ. ಹೊರಬದಿಗಿದ್ದರೆ ನ್ಯಾಟ್ (ಒಳಗಿನ ವಿಳಾಸಗಳನ್ನು ಒಂದೇ ಹೊರವಿಳಾಸಕ್ಕೆ ಬದಲಿಸುವುದು) ಆದ ಮೇಲಿನ ಒಂದೇ ವಿಳಾಸ ಕಾಣುತ್ತಿತ್ತು. ಆಗ 25 ಮಂದಿಗೆ ಸಮನಾಗಿ ಹಂಚುವುದು ಆಗದ ಮಾತು. ಬ್ರಿಡ್ಜ್ ಯಂತ್ರದ ಐಪಿ ವಿಳಾಸ ‘ಬಿಆರ್0’ ಮೇಲಿರಲಿ, ಪೋರ್ಟುಗಳ ಮೇಲೆ ಬೇಡ. ಎಸ್‌ಟಿಪಿ (ಜಾಲದಲ್ಲಿ ಸುತ್ತು ಬೀಳದಂತೆ ತಡೆಯುವ ವ್ಯವಸ್ಥೆ) ಆನ್ ಮಾಡಿದ್ದರೆ ಕೇಬಲ್ ಚುಚ್ಚಿದ 30 ಸೆಕೆಂಡ್ ಏನೂ ದಾಟುವುದಿಲ್ಲ. ಅದನ್ನು ಕೇಬಲ್ ದೋಷವೆಂದುಕೊಳ್ಳಬೇಡಿ. ‘ಟಿಸಿ’ ಆದೇಶಗಳು ರೀಬೂಟ್‌ಗೆ ಅಳಿಸಿಹೋಗುತ್ತವೆ, ‘/ಇಟಿಸಿ/ನೆಟ್‌ವರ್ಕ್/ಇಂಟರ್‌ಫೇಸಸ್’ ಕಡತದಲ್ಲಿ ‘ಪೋಸ್ಟ್-ಅಪ್’ ಸಾಲಾಗಿ ಸೇರಿಸಿ.

ಪ್ರಶ್ನೆ: ಇದೇ ಯಂತ್ರದಲ್ಲಿ ಕೆಲವು ಪೋರ್ಟ್ ಸಂಖ್ಯೆಗಳ ಟ್ರಾಫಿಕ್ ತಡೆಯಲು ಐಪಿಟೇಬಲ್ಸ್ (ಲಿನಕ್ಸ್‌ನ ಫೈರ್‌ವಾಲ್) ನಿಯಮ ಬರೆದೆವು. ಟ್ರಾಫಿಕ್ ಅದನ್ನು ಲೆಕ್ಕಿಸುತ್ತಲೇ ಇಲ್ಲ.

ಉತ್ತರ: ‘ಬಿಆರ್_ನೆಟ್‌ಫಿಲ್ಟರ್’ ಮಾಡ್ಯೂಲ್ ಲೋಡ್ ಆಗದಿದ್ದರೆ ಬ್ರಿಡ್ಜ್ ದಾಟುವ ಪ್ಯಾಕೆಟ್ ಐಪಿಟೇಬಲ್ಸ್ ಕಡೆ ತಲೆ ಹಾಕುವುದಿಲ್ಲ. ಅದನ್ನು ಲೋಡ್ ಮಾಡಬಹುದು, ಆದರೆ ನಮ್ಮ ಸಲಹೆ ಐಪಿಟೇಬಲ್ಸ್‌ನ ನಂತರದ ಪೀಳಿಗೆಯಾದ ಎನ್‌ಎಫ್‌ಟೇಬಲ್ಸ್‌ನ ‘ಬ್ರಿಡ್ಜ್’ ಫ್ಯಾಮಿಲಿ. ಅದರ ‘ಫಾರ್ವರ್ಡ್’ ಹುಕ್‌ನಲ್ಲಿ ನಿಯಮ ಬರೆಯಿರಿ. ಸಂಪರ್ಕದ ಸ್ಥಿತಿ ನೋಡಿ ಬಿಡುವ ಸೌಲಭ್ಯ ಅಲ್ಲಿ ಬಂದದ್ದು ಕರ್ನಲ್ 5.3ರಲ್ಲಿ. ಡೆಬಿಯನ್ 10ರ ಕರ್ನಲ್ 4.19ರಲ್ಲಿ ಕೇಕ್ ಇದೆ, ಈ ಸೌಲಭ್ಯವಿಲ್ಲ. ಡೆಬಿಯನ್ 11ರಿಂದ ಎರಡೂ ಸಿಗುತ್ತವೆ.

ಪಾಲಿಸಿ ‘ಡ್ರಾಪ್’ (ನಿಯಮ ಬಿಡದ್ದೆಲ್ಲ ತಡೆ) ಇಡುವುದಾದರೆ ಐಪಿ ವಿಳಾಸದಿಂದ ಕಾರ್ಡಿನ ವಿಳಾಸ ಹುಡುಕುವ ಎಆರ್‌ಪಿ ಫ್ರೇಮ್‌ಗಳಿಗೆ, ಐಪಿವಿ6 ಬಳಸಿದರೆ ಅದೇ ಕೆಲಸ ಮಾಡುವ ನೇಬರ್ ಡಿಸ್ಕವರಿಗೂ ಅನುಮತಿ ಕೊಡಿ. ಮರೆತರೆ ಹಳೆಯ ಎಆರ್‌ಪಿ ನಮೂದು ಉಳಿದಿರುವಷ್ಟು ಹೊತ್ತು ಎಲ್ಲವೂ ಓಡುತ್ತದೆ, ಆಮೇಲೆ ಒಂದೊಂದೇ ಕಂಪ್ಯೂಟರ್ ಸುಮ್ಮನಾಗುತ್ತದೆ.