ಚಾರಣ ಪ್ರಶ್ನೋತ್ತರ: ಹನ್ನೊಂದು ದಿನದಲ್ಲಿ ಧೌಲಗಿರಿ ಸುತ್ತಬಹುದೇ?

ಪ್ರಶ್ನೆ: ಮೇಡಂ, ಅಕ್ಟೋಬರ್‌ನಲ್ಲಿ ನಾನೂ ನನ್ನ ಗೆಳೆಯನೂ ಏಜೆನ್ಸಿಯ ನೆರವಿಲ್ಲದೆ ನೇಪಾಳದ ಧೌಲಗಿರಿ ಪರ್ವತವನ್ನು ಸುತ್ತಬೇಕೆಂದಿದ್ದೇವೆ. ಬೇನಿಯಿಂದ ಮಾರ್ಫಾವರೆಗೆ ಹನ್ನೊಂದು ದಿನದ ಲೆಕ್ಕ ಹಾಕಿದ್ದೇವೆ. ಬೇಸ್ ಕ್ಯಾಂಪ್‌ನಲ್ಲಿ ಒಂದು ರಾತ್ರಿ ಸಾಕಲ್ಲವೇ? ಗೈಡ್ ಬೇಕೇ ಬೇಕೇ?

ಉತ್ತರ: ಒಂದು ರಾತ್ರಿ ಸಾಲದು. 5,360 ಮೀಟರಿನ ಫ್ರೆಂಚ್ ಪಾಸ್ (ಪಾಸ್ ಎಂದರೆ ಬೆಟ್ಟಗಳ ನಡುವೆ ದಾಟುವ ದಾರಿ) ದಾಟಿಬಿಟ್ಟರೆ ಮುಂದೆಲ್ಲ ಇಳಿಜಾರು ಎಂದುಕೊಂಡಿದ್ದೀರಿ ಅನಿಸುತ್ತದೆ. ಹಾಗಿಲ್ಲ. ಆಚೆಗಿರುವ ಹಿಡನ್ ವ್ಯಾಲಿಯಲ್ಲಿ ಟೆಂಟ್ ಹಾಕುವ ಜಾಗವೇ ಸುಮಾರು 5,000 ಮೀಟರಿನಲ್ಲಿದೆ. ಮರುದಿನ ಮಾರ್ಫಾ ಕಡೆಗೆ ಹೋಗಬೇಕೆಂದರೆ ಸುಮಾರು 5,200 ಮೀಟರಿನ ಧಂಪುಸ್ ಪಾಸ್ ಹತ್ತಬೇಕು. ವಾಪಸ್ ಬರಬೇಕೆಂದರೆ ಫ್ರೆಂಚ್ ಪಾಸನ್ನೇ ಮತ್ತೆ ಹತ್ತಬೇಕು. ಎತ್ತರದಲ್ಲಿ ಆಮ್ಲಜನಕ ಸಾಲದೆ ಬರುವ ಕಾಯಿಲೆಗೆ ಮೊದಲ ಮದ್ದು ಕೆಳಗಿಳಿಯುವುದು. ಅಲ್ಲಿ ನಡುರಾತ್ರಿ ಗೆಳೆಯನಿಗೆ ಹುಷಾರು ತಪ್ಪಿದರೆ, ಇಳಿಸುವುದಕ್ಕೆ ಮೊದಲು ಅವನನ್ನು ಹತ್ತಿಸಬೇಕು. (1950ರಲ್ಲಿ ಮೊರಿಸ್ ಎರ್ಜೋಗ್ ಮುಂದಾಳಾಗಿದ್ದ ಫ್ರೆಂಚ್ ತಂಡ ದಾರಿ ಹುಡುಕುತ್ತ ಇಲ್ಲಿಗೆ ಬಂದಿತ್ತು, ಪಾಸಿನ ಹೆಸರು ಅದರಿಂದ. ಕೊನೆಗೆ ಅವರು ಧೌಲಗಿರಿಯ ಆಸೆ ಬಿಟ್ಟು ಅನ್ನಪೂರ್ಣ ಹತ್ತಿದರು.)

ಹಾಗಾಗಿ ಮುಂದೆ ಹೋಗುವುದೋ ಬೇಡವೋ ಎಂಬುದು ಸುಮಾರು 4,700 ಮೀಟರಿನ ಬೇಸ್ ಕ್ಯಾಂಪ್‌ನಲ್ಲೇ ತೀರ್ಮಾನವಾಗಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ತಂಗಬೇಕು. ಅದಕ್ಕೂ ಮೊದಲು ದಾರಿಯಲ್ಲಿ ಕೆಳಗೆ ಸಿಗುವ ಇಟಾಲಿಯನ್ ಬೇಸ್ ಕ್ಯಾಂಪ್‌ನಲ್ಲಿ ಎರಡು ರಾತ್ರಿ, ನಡುವೆ ಜಪಾನೀಸ್ ಕ್ಯಾಂಪ್‌ನಲ್ಲಿ ಒಂದು, ಬೇಸ್ ಕ್ಯಾಂಪ್‌ನಲ್ಲಿ ಎರಡು ಇರಲಿ. ಅಲ್ಲಿಗೆ ಏರುವ ಹೆಜ್ಜೆ ಒಂದೇ ದಿನಕ್ಕೆ ದೊಡ್ಡದಾಗುವುದರಿಂದ ನಾನಾದರೆ ಮೂರನ್ನೇ ಇಡುತ್ತೇನೆ. ತಂಗುವ ದಿನ ಪಾಸಿನ ಕಡೆಗೆ ಒಂದಷ್ಟು ಹತ್ತಿ, ಇಳಿದು ಬಂದು ಮಲಗಿ.

ಮೊದಲ ಸಲ ಹೋದಾಗ ನಾನೂ ನಿಮ್ಮಂತೆಯೇ ದಿನ ಉಳಿಸಿದ್ದೆ. ಬೇಸ್ ಕ್ಯಾಂಪ್‌ನಲ್ಲಿ ಬೆಳಿಗ್ಗೆ ಗೆಳತಿ ಬೂಟಿನ ದಾರ ಹಿಡಿದು ಕೂತೇ ಇದ್ದಳು. ಗಂಟು ಹಾಕುತ್ತಾಳೆ, ಬಿಚ್ಚಿಹೋಗುತ್ತದೆ, ಮತ್ತೆ ಹಾಕುತ್ತಾಳೆ. "ಚಳಿ ಕಣೇ, ಕೈ ಮರಗಟ್ಟಿದೆ" ಅಂದಳು. ನನಗೆ ಯಾಕೋ ಸಮಾಧಾನವಾಗಲಿಲ್ಲ. ಟೆಂಟಿನ ಹಗ್ಗವನ್ನು ನೆಲಕ್ಕೆ ನೆಟ್ಟಗೆ ಹಾಸಿ, ಬೆರಳಿಗೆ ಹಿಮ್ಮಡಿ ತಾಗಿಸುತ್ತ ಅದರ ಮೇಲೆ ನಡಿ ಅಂದೆ. ನಾಲ್ಕನೇ ಹೆಜ್ಜೆಗೇ ಪಕ್ಕಕ್ಕೆ ವಾಲಿದಳು. ಎತ್ತರದಲ್ಲಿ ಮಿದುಳು ಊದಿಕೊಳ್ಳತೊಡಗಿದರೆ ನಡಿಗೆ ಹೀಗೇ ಹಿಡಿತ ತಪ್ಪುತ್ತದೆ. ಅರ್ಧ ಗಂಟೆಯೊಳಗೆ ಟೆಂಟ್ ಅಲ್ಲೇ ಬಿಟ್ಟು ಅವಳನ್ನು ಹಿಡಿದುಕೊಂಡು ಕೆಳಗೆ ಹೊರಟೆ. ಇಟಾಲಿಯನ್ ಬೇಸ್ ಕ್ಯಾಂಪ್ ಸೇರಿದ ಮರುದಿನ ಬೂಟಿನ ಗಂಟನ್ನು ತಾನೇ ಹಾಕಿಕೊಂಡಳು. ಅದು ಕಂಡು ನನಗೆ ಅಳುವೇ ಬಂತು. ಈ ಹಗ್ಗದ ಪರೀಕ್ಷೆಯನ್ನು ನೀವಿಬ್ಬರೂ ಬೆಳಿಗ್ಗೆ ಸಂಜೆ ಮಾಡಿ. ಒಬ್ಬ ತಪ್ಪಿದರೂ ಇಬ್ಬರೂ ಇಳಿಯಿರಿ.

ಗೈಡ್ ವಿಷಯ: 2023ರ ಏಪ್ರಿಲ್‌ನಿಂದ ನೇಪಾಳದಲ್ಲಿ ವಿದೇಶಿ ಚಾರಣಿಗರು ಪರವಾನಗಿ ಇರುವ ಗೈಡ್ ಜೊತೆಗೇ ಹೋಗಬೇಕೆಂಬ ನಿಯಮ ಬಂದಿದೆ. ನಿಯಮ ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಇಬ್ಬರಲ್ಲಿ ಒಬ್ಬ ಬಿದ್ದರೆ, ಪಕ್ಕದಲ್ಲಿ ಕೂರುವವನೂ ಸಹಾಯಕ್ಕೆ ಓಡುವವನೂ ಒಬ್ಬನೇ ಆಗುತ್ತಾನೆ. ಹಿಡನ್ ವ್ಯಾಲಿ ದಾಟಿ ಅನುಭವವಿರುವವರನ್ನೇ ಕೇಳಿ. ದಿನಗಳ ಲೆಕ್ಕ, ಅಡುಗೆ, ಟೆಂಟ್ ಎಲ್ಲ ನಿಮ್ಮದೇ ಇರಲಿ, ಅದರಿಂದ ನಿಮ್ಮ ಸ್ವಾತಂತ್ರ್ಯಕ್ಕೇನೂ ಕುಂದಿಲ್ಲ.

ಗ್ಯಾಸ್ ಡಬ್ಬಿ ವಿಮಾನದಲ್ಲಿ ಬಿಡುವುದಿಲ್ಲ, ಕಠ್ಮಂಡು ಅಥವಾ ಪೋಖರಾದಲ್ಲಿ ಕೊಳ್ಳಿ. 5,000 ಮೀಟರಿನಲ್ಲಿ ನೀರು 83 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೇ ಕುದಿದುಬಿಡುತ್ತದೆ, ಬೇಳೆ ಬೇಯುವುದಿಲ್ಲ. ಬಿಸಿನೀರು ಹಾಕಿದರೆ ಸಾಕಾಗುವಂಥ ಆಹಾರ ಒಯ್ಯಿರಿ. ಹಿಮ ಕರಗಿಸಿ ಕುಡಿಯುವ ನೀರಿಗೂ ಗ್ಯಾಸ್ ಬೇಕು, ಲೆಕ್ಕದಲ್ಲಿ ಅದನ್ನು ಸೇರಿಸಿ. ಹೊಸ ದಿನವಾರು ಪಟ್ಟಿ ಮಾಡಿ ಕಳಿಸಿ, ನೋಡಿ ಹೇಳುತ್ತೇನೆ.